ಜರಡಿಗೆ ನೀಲಿ ಹಾಕಿದ್ಯಾ?

12ನೇ ಚೀಲದ ಕಲ್ಲನ್ನು ತೊಳೆದ ದಿನ ನಾನೊಂದು ದೊಡ್ಡ ಶೋಧ ಮಾಡಿದೆ ಅಂದುಕೊಂಡಿದ್ದೆ. ಆ ಖುಷಿ ಒಂದು ಗಂಟೆಯೂ ಉಳಿಯಲಿಲ್ಲ.

ಆಗಿನ್ನೂ ಕೆಲಸ ಕಲಿಯುತ್ತಿದ್ದೆ. ಸಮುದ್ರದ ತಳದಲ್ಲಿ ಕೂತು ಗಟ್ಟಿಯಾದ ಕೆಸರುಗಲ್ಲು. ಪದರಗಳ ಕೆಳಗಿನಿಂದ ಮೇಲಕ್ಕೆ ವರಸೆಯಾಗಿ ತೆಗೆದ ಚೀಲಗಳು. ಕಲ್ಲನ್ನು ಬಟಾಣಿ ಗಾತ್ರಕ್ಕೆ ಒಡೆದು, ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದ ನೀರಲ್ಲಿ ನೆನೆಹಾಕಬೇಕು. ನೊರೆ ಬಂದು ಕಲ್ಲು ಕರಗಿ ಕೆಸರಾಗುತ್ತದೆ. ಅದನ್ನು 63 ಮೈಕ್ರಾನ್ ಜರಡಿಯಲ್ಲಿ ನಲ್ಲಿ ನೀರು ಬಿಟ್ಟು ತೊಳೆದರೆ ಕೆಸರೆಲ್ಲ ಹೋಗಿ ಒಂದು ಚಿಟಿಕೆ ಬಿಳಿ ಪುಡಿ ಉಳಿಯುತ್ತದೆ. ಕಣ್ಣಿಗೆ ಸುಮ್ನೆ ಮರಳು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರ ತುಂಬ ಚಿಪ್ಪುಗಳು. ಫೊರಾಮಿನಿಫೆರಾ ಅಂತ ಒಂದೇ ಕೋಶದ ಜೀವಿಗಳು ಕಟ್ಟಿಕೊಂಡ ಮನೆಗಳು.

ಅವುಗಳಲ್ಲಿ ನಮಗೆ ಜಾಸ್ತಿ ಬೇಕಾದವು ನೀರಲ್ಲಿ ತೇಲಿ ಬದುಕಿದವು. ಪ್ರವಾಹದ ಜೊತೆ ಬಲು ದೂರ ಹರಡಿ, ಸತ್ತ ಮೇಲೆ ಎಲ್ಲ ಕಡೆ ತಳಕ್ಕೆ ಬೀಳುತ್ತವೆ. ಒಂದೊಂದು ಬಗೆ ಬದುಕಿದ್ದು ಒಂದೊಂದು ಕಾಲದಲ್ಲಷ್ಟೇ. ಸಾವಿರಾರು ಕಿಲೋಮೀಟರ್ ಆಚೆ ಇರುವ ಎರಡು ಬಂಡೆಗಳು ಒಂದೇ ಕಾಲದವು ಅಂತ ಹೇಳೋಕೆ ಧೈರ್ಯ ಬರುವುದು ಅದರಿಂದಲೇ.

ಕಪ್ಪು ತಟ್ಟೆಗೆ ಪುಡಿ ಉದುರಿಸಿ, ಕೂದಲೆಳೆಯಂಥ ಕುಂಚದ ತುದಿ ಒದ್ದೆ ಮಾಡಿ ಹೆಕ್ಕುತ್ತಾ ಕೂತೆ. ಮೊದಲು ಸಿಕ್ಕಿದ್ದು ಮೊರೊಜೊವೆಲ್ಲಾ. ಮೈಯೆಲ್ಲ ತರಿತರಿ, ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಬುಗುರಿಯ ಹಾಗೆ ಚೂಪು. ಅಂದರೆ ಡೈನೋಸಾರ್‌ಗಳೆಲ್ಲ ಅಳಿದ ಮೇಲಿನ ಕಾಲ. ಸರಿ ಅಂತ ತಟ್ಟೆ ಸರಿಸಿದೆ. ಪಕ್ಕದ ಚೌಕದಲ್ಲಿ ಗ್ಲೋಬೋಟ್ರಂಕಾನಾ! ಅಂಚಿನಲ್ಲಿ ಮುತ್ತು ಪೋಣಿಸಿದಂಥ ಎರಡು ಸಾಲು, ತಪ್ಪಾಗೋಕೆ ಸಾಧ್ಯವೇ ಇಲ್ಲ. ಇದು 6.6 ಕೋಟಿ ವರ್ಷಗಳ ಹಿಂದೆಯೇ ಮುಗಿದುಹೋದ ವಂಶ. ಎಣಿಸಿದೆ. 11.

ಇಟಲಿಯ ಗುಬ್ಬಿಯೋದಲ್ಲಿ ಈ ಎರಡು ಕಾಲಗಳ ನಡುವಿನ ಗಡಿ ಬರಿಗಣ್ಣಿಗೇ ಕಾಣುತ್ತದೆ. ಕೆಳಗೆ ದೊಡ್ಡ ಚಿಪ್ಪುಗಳ ಸುಣ್ಣಕಲ್ಲು, ನಡುವೆ ಸುಮಾರು ಒಂದು ಸೆಂಟಿಮೀಟರ್ ಜೇಡಿ, ಮೇಲೆ ಬರೀ ಪುಟಾಣಿಗಳು. ಆ ಜೇಡಿಯಲ್ಲೇ ಇರಿಡಿಯಂ, ಅಂದರೆ ನೆಲದಲ್ಲಿ ಅಪರೂಪವಾದ, ಉಲ್ಕೆಗಳಲ್ಲಿ ಜಾಸ್ತಿ ಇರುವ ಲೋಹ ಸಿಕ್ಕಿ, 1980ರಲ್ಲಿ ಉಲ್ಕೆ ಬಡಿದು ಡೈನೋಸಾರ್‌ಗಳು ಅಳಿದವು ಅನ್ನೋ ವಾದ ಹೊರಬಂದಿದ್ದು. ಅಂಥ ಗಡಿಯನ್ನು ನನ್ನ ಗ್ಲೋಬೋಟ್ರಂಕಾನಾ ದಾಟಿಬಿಟ್ಟಿದೆ! ತಲೆಯಲ್ಲಿ ಆಗಲೇ ಲೇಖನದ ಹೆಸರೂ ಸಿದ್ಧವಾಗಿತ್ತು.

ಮೇಡಂ ಬಂದು ಕಣ್ಣಿಟ್ಟು ನೋಡಿದರು. ಕೇಳಿದ್ದು ಒಂದೇ ಮಾತು.

"ಜರಡಿಗೆ ನೀಲಿ ಹಾಕಿದ್ಯಾ?"

ಹಾಕಿರಲಿಲ್ಲ. ಪ್ರತಿ ಮಾದರಿ ಆದ ಮೇಲೆ ಜರಡಿಯನ್ನು ಉಜ್ಜಿ ತೊಳೆದು, ಮೆಥಿಲೀನ್ ಬ್ಲೂ ನೀರಲ್ಲಿ ಅದ್ದಬೇಕು. ಜರಡಿಯ ಕಣ್ಣುಗಳಲ್ಲಿ ಸಿಕ್ಕಿಕೊಂಡ ಹಳೇ ಚಿಪ್ಪು ನೀಲಿಯಾಗುತ್ತದೆ. ಮುಂದಿನ ಮಾದರಿಯಲ್ಲಿ ಉದುರಿದರೆ ಕಳ್ಳ ಯಾರು ಅಂತ ಗೊತ್ತಾಗುತ್ತದೆ. ಅವತ್ತು ಬೆಳಿಗ್ಗೆ ನಾನು ತೊಳೆದಿದ್ದು ಗಡಿಯ ಕೆಳಗಿನ ಚೀಲ. ಆಮೇಲೆ ಅವಸರದಲ್ಲಿ ನಲ್ಲಿಗೆ ಹಿಡಿದು ಎರಡು ಸಲ ಕೊಡವಿದ್ದೆ, ಅಷ್ಟೇ.

ಪುಣ್ಯಕ್ಕೆ ಅರ್ಧ ಕಲ್ಲು ಎತ್ತಿಟ್ಟಿದ್ದೆ. ಜರಡಿ ಉಜ್ಜಿ, ನೀಲಿಗೆ ಅದ್ದಿ, ಎಲ್ಲ ಮತ್ತೆ ಮೊದಲಿನಿಂದ. ಈ ಸಲ ಮೊರೊಜೊವೆಲ್ಲಾ ಹಾಗೇ ಇದ್ದವು. ಗ್ಲೋಬೋಟ್ರಂಕಾನಾ ಮೂರೇ. ಎರಡು ಅಚ್ಚ ನೀಲಿ. ಮೂರನೆಯದಕ್ಕೆ ಬಣ್ಣ ತಾಗಿರಲಿಲ್ಲ.

ಅದನ್ನು ಹೊರಳಿಸಿ ಹೊರಳಿಸಿ ನೋಡಿದೆ. ಮುತ್ತಿನ ಸಾಲು ಸವೆದಿತ್ತು. ಒಳಗೆ ಕಂದು ಬಣ್ಣದ ಏನೋ ತುಂಬಿತ್ತು, ಉಳಿದ ಚಿಪ್ಪುಗಳಲ್ಲಿ ಅದಿಲ್ಲ.

"ಇದು ಈ ಕಲ್ಲಿನದೇ ಮೇಡಂ. ಆದ್ರೆ ಈ ಕಾಲದ್ದಲ್ಲ."

"ಹ್ಞೂಂ. ಹಳೇ ಪದರ ಕೊರೆದುಹೋಗಿ, ಅಲ್ಲಿಂದ ಕೊಚ್ಚಿಕೊಂಡು ಬಂದಿದೆ. ಹಾಗಾದ್ರೆ ಪದರಕ್ಕೆ ಯಾರ ವಯಸ್ಸು ಬರೀತೀಯ?"

"ಚಿಕ್ಕವರದ್ದು."

ಹಳೆಯದು ಹೊಸ ಕೆಸರಿಗೆ ಬಂದು ಬೀಳಬಹುದು, ಇನ್ನೂ ಹುಟ್ಟದೇ ಇರುವುದು ಬೀಳೋಕಾಗಲ್ಲ ಅಲ್ವಾ.

ಸವೆದ ಚಿಪ್ಪನ್ನು ಸ್ಲೈಡಿನ ಮೂಲೆಯ ಚೌಕದಲ್ಲಿ ಒಂಟಿಯಾಗಿ ಅಂಟಿಸಿ 13ನೇ ಚೀಲ ತೊಳೆಯಲು ಎದ್ದೆ. ಈ ಸಲ ಜರಡಿಯನ್ನು ಹತ್ತು ನಿಮಿಷ ಉಜ್ಜಿ ನೀಲಿಗೆ ಅದ್ದಿದೆ. ಆದರೂ ಸಂಜೆ ತಟ್ಟೆಯಲ್ಲಿ ಒಂದು ನೀಲಿ ಚಿಪ್ಪು ಸಿಕ್ಕಿತು.