ಕತ್ತಲಿದ್ದಾಗ ಕೇಳಿ

ಕಳೆದ ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದ ಮೇಲೆ, ಮಾವಿನ ಮರದಡಿ ಕುಳಿತಿದ್ದ ಹೆಂಗಸರ ನಡುವಿನಿಂದ ಒಬ್ಬ ಅಜ್ಜಿ ಎದ್ದು ನಿಂತು ಆಡಿದ ಮಾತು ಈ ವಾರವಿಡೀ ನನ್ನ ಕಿವಿಯಲ್ಲೇ ಇದೆ. "ಮ್ವಾಲಿಮು, ಕತ್ತಲಿದ್ದಾಗ ಕೇಳಿ, ಕೊಡುತ್ತೇವೆ. ಬೆಳದಿಂಗಳಲ್ಲಿ ನಮ್ಮ ಹತ್ತಿರ ಏನಿರುತ್ತದೆ?" ಇಷ್ಟು ಹೇಳಿ, ಉಟ್ಟಿದ್ದ ಕಾಂಗಾ ಬಟ್ಟೆಯ ತುದಿಯ ಗಂಟನ್ನು ಬಿಚ್ಚಿ, ನಾಣ್ಯ ಕಟ್ಟಿಡುವ ಆ ಮೂಲೆ ಬರಿದಾಗಿರುವುದನ್ನು ಎಲ್ಲರಿಗೂ ತೋರಿಸಿ ಕುಳಿತರು.

ಮ್ವಾಲಿಮು ಎಂದರೆ ನಮ್ಮ ಧರ್ಮಕೇಂದ್ರದ ಪಾಲನಾ ಮಂಡಳಿಯ ಅಧ್ಯಕ್ಷರು, ನಿವೃತ್ತ ಶಾಲಾ ಮೇಷ್ಟ್ರು. ಲೆಕ್ಕದಲ್ಲಿ ಒಂದು ಶಿಲಿಂಗ್ ಆಚೀಚೆಯಾಗಲು ಬಿಡದ ಪ್ರಾಮಾಣಿಕರು. ಆದರೆ ಎದುರಿಗಿರುವವರೆಲ್ಲ ಇನ್ನೂ ಮೂರನೆಯ ತರಗತಿಯಲ್ಲೇ ಇದ್ದಾರೆಂಬಂತೆ ಮಾತನಾಡುತ್ತಾರೆ. ತಪಸ್ಸು ಕಾಲದ, ಅಂದರೆ ಈಸ್ಟರ್ ಹಬ್ಬದ ಮುಂಚಿನ ವ್ರತದ ದಿನಗಳ, ಕಾಣಿಕೆಯನ್ನು ಪ್ರತಿ ಮನೆಯವರೂ ಈಸ್ಟರ್‌ಗೆ ಮುನ್ನ ಬರುವ ಪವಿತ್ರ ವಾರದಲ್ಲಿ ಒಪ್ಪಿಸಬೇಕೆಂದು ಅವರು ಸಾರಿದ್ದಕ್ಕೆ ಬಂದ ಉತ್ತರ ಅದಾಗಿತ್ತು.

ನಾವಿರುವುದು ತಾಂಜಾನಿಯದಲ್ಲಿ, ಮ್ವಾಂಜಾ ನಗರದಿಂದಾಚೆ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿ. ಇಲ್ಲಿಯ ಬಡವರ ಬದುಕು ನಿಂತಿರುವುದು ದಗಾ ಎಂಬ ಬೆರಳುದ್ದದ ಬೆಳ್ಳಿ ಬಣ್ಣದ ಮೀನಿನ ಮೇಲೆ. ರಾತ್ರಿ ದೋಣಿಗಳು ದೀಪ ಹೊತ್ತಿಸಿಕೊಂಡು ನೀರಿಗಿಳಿಯುತ್ತವೆ, ಬೆಳಕಿಗೆ ಮುತ್ತುವ ಮೀನನ್ನು ಬಲೆಯಲ್ಲಿ ಎತ್ತುತ್ತಾರೆ, ಬೆಳಗಾದ ಮೇಲೆ ಹೆಂಗಸರು ಅದನ್ನು ಮರಳ ಮೇಲೆ ಹರವಿ ಒಣಗಿಸುತ್ತಾರೆ. ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಸರೋವರದ ತುಂಬ ಬೆಳಕಿರುವುದರಿಂದ ದೀಪಕ್ಕೆ ಮೀನು ಬರುವುದಿಲ್ಲ. ದೋಣಿಗಳು ದಂಡೆಯಲ್ಲೇ ಉಳಿಯುತ್ತವೆ. ಕಳೆದ ಶುಕ್ರವಾರ ಪ್ರಾರ್ಥನೆಗೆ ಅಷ್ಟು ಜನ ಸೇರಿದ್ದರೆ, ಭಕ್ತಿಯ ಜೊತೆಗೆ ಚಂದ್ರನ ಪಾಲೂ ಅದರಲ್ಲಿತ್ತು.

ಆ ರಾತ್ರಿ ಕ್ಯಾಲೆಂಡರ್ ಹಿಡಿದು ಕುಳಿತೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ಭಾನುವಾರವೇ ಈಸ್ಟರ್ ಎಂಬುದು ನಮಗೆಲ್ಲ ಬಾಯಿಪಾಠ. ಹಾಗಿದ್ದ ಮೇಲೆ ಪವಿತ್ರ ವಾರಕ್ಕೆ ಹುಣ್ಣಿಮೆ ತಪ್ಪುವುದೇ ಇಲ್ಲ. ಈಸ್ಟರ್‌ನಿಂದ 46 ದಿನ ಹಿಂದೆ ಎಣಿಸಿದರೆ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಅಮಾವಾಸ್ಯೆಯ ಹತ್ತಿರ ಬಂದು ನಿಲ್ಲುತ್ತದೆ, ಇನ್ನೊಂದು ಅಮಾವಾಸ್ಯೆ ತಪಸ್ಸು ಕಾಲದ ನಾಲ್ಕನೆಯ ಭಾನುವಾರದ ಆಚೀಚೆ ಬೀಳುತ್ತದೆ. ಅಂದರೆ, ಈ ದಂಡೆಯ ಮನೆಗಳಲ್ಲಿ ನಾಲ್ಕು ಕಾಸು ಓಡಾಡುವ ಎರಡು ಅವಧಿಗಳನ್ನೂ ಬಿಟ್ಟು, ಗಂಟು ಬರಿದಾಗಿರುವ ವಾರವನ್ನೇ ಹುಡುಕಿ ನಾವು ಕೈಚಾಚುತ್ತ ಬಂದಿದ್ದೇವೆ. ಹಬ್ಬದ ದಿನವನ್ನು ಚಂದ್ರನನ್ನು ನೋಡಿಯೇ ಗೊತ್ತುಮಾಡುವ ಧರ್ಮಸಭೆ, ಅದೇ ಚಂದ್ರನಿಂದ ಒಲೆ ಆರುವ ಮನೆಗಳನ್ನು ಕಾಣದೆ ಹೋದದ್ದು ನನಗೆ ಸೋಜಿಗವೆನಿಸುತ್ತದೆ.

ಶುಕ್ರವಾರ ಮಾಂಸ ಬಿಡಬೇಕೆಂಬ ನಿಯಮವನ್ನೂ ಇಲ್ಲಿ ಕುಳಿತು ನೋಡಿದರೆ ಬೇರೆಯೇ ಕಾಣುತ್ತದೆ. ಮಂಗಳೂರಿನ ನಮ್ಮ ಮನೆಯಲ್ಲಿ ಶುಕ್ರವಾರ ಬಂಗುಡೆ ಸಾರು ಉಂಡು ವ್ರತ ಮುಗಿಸಿದೆವೆಂದು ಕೈತೊಳೆಯುತ್ತಿದ್ದೆವು. ಅದು ತಪಸ್ಸೆಂದು ನಾನು ಅಂದೂ ನಂಬಿರಲಿಲ್ಲ. ಇಲ್ಲಿ ಮಾಂಸವೆಂದರೆ ಕ್ರಿಸ್‌ಮಸ್ಸಿಗೋ ಮದುವೆಗೋ ಸಿಗುವ ವಸ್ತು. ಇದೇ ಸರೋವರದ ದೊಡ್ಡ ಸಂಗಾರ ಮೀನಿನ ತಿರುಳು ಮ್ವಾಂಜಾದ ಕಾರ್ಖಾನೆಗಳಿಂದ ಯುರೋಪಿಗೆ ಹೋಗುತ್ತದೆ, ಅದರ ತಲೆಯೂ ಮೂಳೆಯೂ ಇಲ್ಲಿಯ ಸಂತೆಗೆ ಬರುತ್ತವೆ. ಮಾರ್ಚ್‌ನಲ್ಲಿ ಮಸಿಕಾ ಎಂಬ ದೊಡ್ಡ ಮಳೆಗಾಲ ಹಿಡಿದರೆ ಮರಳ ಮೇಲಿನ ದಗಾ ಕೊಳೆತು ಕೋಳಿ ಆಹಾರದ ಬೆಲೆಗೆ ಇಳಿಯುತ್ತದೆ. ಇವರಿಗೆ "ಏನನ್ನು ಬಿಡುತ್ತೀರಿ?" ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ. ಅಜ್ಜಿ ಮಾತ್ರ ಕಾಣಿಕೆ ಕೊಡುವುದಿಲ್ಲ ಎನ್ನಲಿಲ್ಲ, ಕಡಿಮೆ ಮಾಡಿ ಎಂದೂ ಬೇಡಲಿಲ್ಲ. ಯಾವಾಗ ಕೇಳಬೇಕೆಂದಷ್ಟೇ ಹೇಳಿದರು.

ಮ್ವಾಲಿಮು ಅವರ ಉತ್ತರ ಚಿಕ್ಕದಾಗಿತ್ತು: "ಸುತ್ತೋಲೆಯಲ್ಲಿ ಪವಿತ್ರ ವಾರವೆಂದೇ ಇದೆ, ಮಾಮಾ." ಇಲ್ಲಿ ಮಾಮಾ ಎಂದರೆ ಅಮ್ಮ. ಹೆಂಗಸರು ನಕ್ಕರು, ಮ್ವಾಲಿಮು ಅವರಿಗೆ ಆ ನಗು ಹಿಡಿಸಲಿಲ್ಲ. ಮರುದಿನ ನಾನು ಕ್ಯಾಲೆಂಡರ್ ತೋರಿಸಲು ಹೋದಾಗ, ಹಣದ ವಿಚಾರ ಮಂಡಳಿಗೆ ಬಿಡಿ ಸಿಸ್ಟರ್ ಎಂದರು. ಬರುವ ಭಾನುವಾರ ಮಂಡಳಿಯ ಸಭೆಯಿದೆ. ಕಾಣಿಕೆಯನ್ನು ಅಮಾವಾಸ್ಯೆಯ ವಾರದಲ್ಲೇ ಎತ್ತಿ, ಸುತ್ತೋಲೆ ಹೇಳಿದ ದಿನ ಮೇಲಕ್ಕೆ ಕಳುಹಿಸಬೇಕೆಂದು ನಾನು ಕೇಳಲಿದ್ದೇನೆ. ಅನುಮೋದಿಸಲು ನಮ್ಮ ಉಪದೇಶಿ ಒಪ್ಪಿದ್ದಾರೆ. ಅವರ ತಮ್ಮನದೂ ಒಂದು ದೋಣಿಯಿದೆ.