ಸೋರುವ ಡೀಸೆಲ್ ಪಂಪು: ನಾನೇ ಬಿಚ್ಚಲೇ?

ಮೂರು ವಾರದಿಂದ ನನ್ನ ಹಳೆಯ ವ್ಯಾನಿನ ಅಡಿಯಲ್ಲಿ ಡೀಸೆಲ್ ಹನಿ ಬೀಳುತ್ತಿದೆ. ಸೋರುತ್ತಿರುವುದು ಇಂಜೆಕ್ಷನ್ ಪಂಪು, ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ತಳ್ಳುವ ಪಂಪು. ಮೊದಲ ದಿನ ನಾಣ್ಯದಷ್ಟಿದ್ದ ಕಲೆ ಈಗ ಅಂಗೈಯಗಲ ಆಗಿದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೆಳಗಿನ ಸ್ಟಾರ್ಟು. ರಾತ್ರಿಯಿಡೀ ನಿಂತ ಗಾಡಿಗೆ ಹತ್ತು ಸೆಕೆಂಡು ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಹಿಡಿದ ಮೇಲೂ ಸ್ವಲ್ಪ ಹೊತ್ತು ಕುಂಟುತ್ತದೆ. ಡೀಸೆಲ್ ಹೊರಬರುವ ಸಂದಿನಲ್ಲೇ ಗಾಳಿ ಒಳಗೆ ಹೋಗುತ್ತದೆ. ಇಂಜಿನ್ ನಿಂತಾಗ ಪಂಪಿನೊಳಗಿನ ಡೀಸೆಲ್ ಮೆಲ್ಲಗೆ ಟ್ಯಾಂಕಿನ ಕಡೆ ಇಳಿದು, ಆ ಜಾಗದಲ್ಲಿ ಗಾಳಿ ಕೂತುಬಿಡುತ್ತದೆ.

ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡು, ಆಲ್ಟರ್ನೇಟರಿನ ಬ್ರಷ್ಷು, ಇವೆಲ್ಲ ನಾನೇ ಹಾಕಿಕೊಳ್ಳುತ್ತೇನೆ. ಪಂಪನ್ನು ಮಾತ್ರ ಇದುವರೆಗೆ ಮುಟ್ಟಿರಲಿಲ್ಲ.

ಸೋರುವ ಜಾಗ ಹುಡುಕುವುದಕ್ಕೇ ಒಂದು ಭಾನುವಾರ ಹೋಯಿತು. ಹನಿ ಬೀಳುವ ಕಡೆಯೇ ಸೋರಿಕೆ ಇರಬೇಕೆಂದಿಲ್ಲ. ಮೇಲೆಲ್ಲೋ ಜಿನುಗಿದ್ದು ಮೈಮೇಲೆ ಹರಿದು ಅತಿ ಕೆಳಗಿನ ಬೋಲ್ಟಿನಿಂದ ತೊಟ್ಟಿಕ್ಕುತ್ತದೆ. ಪಂಪನ್ನು ತೊಳೆದು, ಒರೆಸಿ, ಪೂರ್ತಿ ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ ಇಂಜಿನ್ ಓಡಿಸಿದೆ. ಎರಡು ಕಡೆ ಪೌಡರ್ ಒದ್ದೆಯಾಯಿತು: ಹೆಚ್ಚಾದ ಡೀಸೆಲನ್ನು ಟ್ಯಾಂಕಿಗೆ ವಾಪಸು ಒಯ್ಯುವ ಮೇಲಿನ ರಿಟರ್ನ್ ಪೈಪಿನ ಬ್ಯಾಂಜೊ ಬೋಲ್ಟು (ಒಳಗೆ ಟೊಳ್ಳಿರುವ ಬೋಲ್ಟು), ಮತ್ತೆ ನಾಝಲ್ ಪೈಪುಗಳು ಹೊರಡುವ ಹಿಂಬದಿಯ ಹೆಡ್ಡು ಪಂಪಿನ ಬಾಡಿಗೆ ಕೂರುವ ಸಂದು.

ಹುಡುಕುವಾಗ ನಾಝಲ್ ಪೈಪಿನ ನಟ್ಟುಗಳ ಹತ್ತಿರ ಮಾತ್ರ ಬೆರಳಾಡಿಸಬೇಡಿ. ಹಳೆಯ ಪಂಪಿನಲ್ಲೂ ಅಲ್ಲಿ 100 ಬಾರ್‌ಗಿಂತ ಹೆಚ್ಚು ಒತ್ತಡ ಇರುತ್ತದೆ. ಈಗಿನ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಸಾವಿರ ಬಾರ್ ದಾಟುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚಿಲುಮೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗಿನ ಮಾಂಸ ಕೊಳೆಯಲು ಶುರುವಾಗಿರುತ್ತದೆ. ಅಂಥದ್ದಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ನಾನು ರಟ್ಟಿನ ತುಂಡು ಹಿಡಿದು ನೋಡಿದೆ.

ಬ್ಯಾಂಜೊ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರ್ ಬದಲಿಸಲು ಕಾಲು ಗಂಟೆ ಸಾಕಾಯಿತು. ಅಲ್ಲಿ ಒಣಗಿತು.

ಉಳಿದದ್ದು ಹೆಡ್ಡಿನ ಓ ರಿಂಗ್, ಸಂದು ಮುಚ್ಚುವ ರಬ್ಬರಿನ ಬಳೆ. ನಾಝಲ್ ಪೈಪು ಬಿಚ್ಚಿ, ನಾಲ್ಕು ಬೋಲ್ಟು ಸಡಿಲಿಸಿ, ಹೆಡ್ಡನ್ನು ಸ್ವಲ್ಪವೇ ಹಿಂದಕ್ಕೆಳೆದು, ಗಾಡಿಯಲ್ಲಿದ್ದಂತೆಯೇ ರಿಂಗ್ ಬದಲಿಸುವವರಿದ್ದಾರೆ. ನನಗೂ ಆಸೆಯಾಯಿತು. ಆದರೆ ಆ ಹೆಡ್ಡಿನ ಒಳಬದಿಯಲ್ಲಿ ಡೀಸೆಲನ್ನು ಒತ್ತುವ ಪ್ಲಂಜರ್, ಅದರ ಸ್ಪ್ರಿಂಗು, ಅಳತೆ ಸರಿಹೊಂದಿಸುವ ತೆಳು ಬಿಲ್ಲೆಗಳಾದ ಶಿಮ್ಮುಗಳು ಇವೆ. ಕೈ ಒಂದಿಷ್ಟು ಹೆಚ್ಚು ಎಳೆದರೆ ಅವು ಜಾಗ ಬಿಡುತ್ತವೆ. ಪ್ಲಂಜರಿಗೂ ಅದರ ಬ್ಯಾರೆಲ್ಲಿಗೂ ನಡುವೆ ಇರುವುದು ಕೆಲವೇ ಮೈಕ್ರಾನ್ ಸಂದು. ನಾನು ಕೆಲಸ ಮಾಡುವ ಶೆಡ್ಡಿನ ಧೂಳಿಗೆ ಅಷ್ಟು ಸಾಕು.

ಆದರೂ ನನ್ನನ್ನು ತಡೆದದ್ದು ಧೂಳಲ್ಲ, ಉಳಿದ ಸೀಲುಗಳ ವಯಸ್ಸು. ಈಗಿನ ಡೀಸೆಲಿನಿಂದ ಗಂಧಕ ತೆಗೆಯುವಾಗ ಅದರ ಅರೋಮ್ಯಾಟಿಕ್ ಎಂಬ ಹೈಡ್ರೋಕಾರ್ಬನ್ ಅಂಶವೂ ಇಳಿಯುತ್ತದೆ. ಹಳೆಯ ನೈಟ್ರೈಲ್ ರಬ್ಬರು ಆ ಅಂಶವನ್ನು ಹೀರಿ ಉಬ್ಬಿಕೊಂಡೇ ಸಂದು ಮುಚ್ಚಿರುತ್ತಿತ್ತು. ಈಗ ಅದು ಕುಗ್ಗಿ, ಗಟ್ಟಿಯಾಗುತ್ತದೆ. ಹೆಡ್ಡಿನ ರಿಂಗ್ ಸೋತಿದೆ ಎಂದರೆ ಆಕ್ಸಿಲೇಟರ್ ಶಾಫ್ಟಿನ ಸೀಲು, ಮುಂದಿನ ಶಾಫ್ಟಿನ ಸೀಲು ಕೂಡ ಅದೇ ಹಾದಿಯಲ್ಲಿವೆ. ಪಂಪನ್ನು ಗೇರಿನಿಂದ ಓಡಿಸುವ ನನ್ನ ಇಂಜಿನ್ನಿನಲ್ಲಿ ಮುಂದಿನ ಸೀಲು ಹೋದರೆ ಡೀಸೆಲ್ ನೆಲಕ್ಕೆ ಬೀಳುವುದಿಲ್ಲ, ಇಂಜಿನ್ ಆಯಿಲ್‌ಗೆ ಬೆರೆಯುತ್ತದೆ. ತೆಳ್ಳಗಾದ ಆಯಿಲ್ ಬೇರಿಂಗುಗಳನ್ನು ತಿನ್ನುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿದೆ, ಮಟ್ಟ ಏರಿಲ್ಲ, ಡೀಸೆಲ್ ವಾಸನೆಯೂ ಇಲ್ಲ. ಸದ್ಯಕ್ಕೆ ಬಚಾವು.

ಹಾಗಾಗಿ ಕೆಲಸವನ್ನು ಹಂಚಿಕೊಂಡೆ. ಪಂಪನ್ನು ಇಂಜಿನ್ನಿನಿಂದ ಇಳಿಸುವುದು, ಮತ್ತೆ ಕೂರಿಸುವುದು, ಏರ್ ತೆಗೆಯುವುದು ನನ್ನದು. ಬಿಚ್ಚಿ ಎಲ್ಲ ಸೀಲನ್ನೂ ವೈಟಾನ್ (ಡೀಸೆಲ್ ತಡೆಯುವ ರಬ್ಬರು) ಕಿಟ್ಟಿನಿಂದ ಬದಲಿಸಿ, ಟೆಸ್ಟ್ ಬೆಂಚಿನ ಮೇಲೆ ಓಡಿಸಿ ಡೀಸೆಲ್ ಅಳತೆ ಸರಿಮಾಡುವುದು ಪಂಪಿನ ಮೇಸ್ತ್ರಿಯದು. ಆ ಬೆಂಚು ನನ್ನಲ್ಲಿಲ್ಲ, ಕಣ್ಣಂದಾಜಿನಲ್ಲಿ ಆಗುವ ಕೆಲಸವೂ ಅದಲ್ಲ.

ನಿನ್ನೆ ಸಂಜೆ ಇಳಿಸಿದೆ. ಅದಕ್ಕೂ ಮೊದಲು ಮೊದಲನೇ ಸಿಲಿಂಡರನ್ನು ಟಿಡಿಸಿಗೆ, ಅಂದರೆ ಪಿಸ್ಟನ್ ತೀರಾ ಮೇಲಿರುವ ಸ್ಥಿತಿಗೆ ತಂದು, ಪಂಪಿನ ಫ್ಲೇಂಜಿಗೂ ಇಂಜಿನ್ನಿಗೂ ಸೇರಿಸಿ ಚೂಪು ಮೊಳೆಯಿಂದ ಒಂದು ಗೀರು ಎಳೆದೆ. ಆ ಗೀರಿಗೆ ಕೂರಿಸಿದರೆ ಇಂಜಿನ್ ಸ್ಟಾರ್ಟ್ ಆಗುವಷ್ಟು ಟೈಮಿಂಗ್, ಅಂದರೆ ಡೀಸೆಲ್ ಚಿಮ್ಮುವ ಗಳಿಗೆ, ಸಿಗುತ್ತದೆ. ಆಮೇಲೆ ಡಯಲ್ ಗೇಜ್ ಹಾಕಿ ಪ್ಲಂಜರ್ ಲಿಫ್ಟ್ (ಪ್ಲಂಜರ್ ಎಷ್ಟು ಸರಿದಿದೆ ಎಂಬುದು) ಅಳೆಯಲೇಬೇಕು, ಅದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕ. ಗೇಜನ್ನು ಗೆಳೆಯನಿಂದ ಕೇಳಿ ತಂದಿಟ್ಟಿದ್ದೇನೆ.

ಪಂಪು ಈಗ ಮೇಜಿನ ಮೇಲಿದೆ, ಎಲ್ಲ ತೂತಿಗೂ ಪ್ಲಾಸ್ಟಿಕ್ ಮುಚ್ಚಳ. ಮೇಸ್ತ್ರಿಗೆ ಕೊಡುವ ಚೀಟಿಯನ್ನು ಅದಕ್ಕೇ ಕಟ್ಟಿದ್ದೇನೆ: ಹೆಡ್ಡಿನ ಸಂದಿನಲ್ಲಿ ಸೋರಿಕೆ, ಮುಂದಿನ ಶಾಫ್ಟ್ ಸೀಲು ತಪ್ಪದೆ ಬದಲಿಸಿ, ಆಕ್ಸಿಲೇಟರ್ ಲಿವರಿನ ಹಲ್ಲಿಗೆ ಬಿಳಿ ಬಣ್ಣದ ಗುರುತು ಹಾಕಿದ್ದೇನೆ, ಅಳಿಸಬೇಡಿ.