ಗಾಳದ ಕೋಲಿನ ಹಿಡಿಗೆ ಯಾವ ಬಳೆ?

ಕಾರ್ಕ್ ಹಿಡಿಯ ನಡುವೆ ಬೀಟೆ ಮರದ ಬಳೆ ಕೂರಿಸಿದರೆ ನೋಡಲು ಚೆಂದ, ಉಜ್ಜುವಾಗ ತಲೆನೋವು. ಸ್ಯಾಂಡ್‌ಪೇಪರ್ ಮೆತ್ತನೆಯ ಕಾರ್ಕನ್ನು ಬೇಗ ತಿನ್ನುತ್ತದೆ, ಮರ ಮಾತ್ರ ಉಬ್ಬಿದಂತೆ ಉಳಿಯುತ್ತದೆ. ಪೇಪರನ್ನು ಬೆರಳಲ್ಲಿ ಒತ್ತಬೇಡಿ. ಚಪ್ಪಟೆ ಮರದ ತುಂಡಿಗೆ ಸುತ್ತಿ, ಎರಡರ ಮೇಲೂ ಒಟ್ಟಿಗೆ ಹಾಯಿಸಿ. ಬೀಟೆಯಲ್ಲಿ ಎಣ್ಣೆಯಂಶವಿದೆ, ಎಪಾಕ್ಸಿ ಅಂಟು ಹಚ್ಚುವ ಮುಂಚೆ ಅಸಿಟೋನ್‌ನಲ್ಲಿ ಒರೆಸದಿದ್ದರೆ ಬಿಟ್ಟೀತು. ಬಳೆ 3 ಮಿ.ಮೀ. ದಪ್ಪವಿದ್ದರೆ ಸಾಕು.

ಮೀನಿಗಂತೂ ಇದೊಂದೂ ಕಾಣುವುದಿಲ್ಲ; ಬಣ್ಣ ಹೊಂದಿಸುತ್ತ ಗಂಟೆಗಟ್ಟಲೆ ಕೂರುವವರು ನಾವೇ!

ಬಳೆಗೆ ಕಪ್ಪೆಚಿಪ್ಪಿನ ತುಣುಕು ಕೂರಿಸಿದರೆ ಹೊಳೆಯುತ್ತದೆ, ಆದರೆ ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿಯೇ ಉಜ್ಜಿ, ಮಾಸ್ಕ್ ಇರಲಿ. ಅಲಂಕಾರವೆಲ್ಲ ರೀಲ್ ಸೀಟಿನ (ದಾರ ಸುತ್ತುವ ರೀಲ್ ಕೂರುವ ಜಾಗ) ಆಚೀಚೆ ಇರಲಿ. ಅಂಗೈ ಒತ್ತುವ ಜಾಗಕ್ಕೆ ಬರೀ ಕಾರ್ಕೇ ಸರಿ, ವಾರ್ನಿಷ್ ಹೊಡೆದ ಮರ ಒದ್ದೆ ಕೈಗೆ ಜಾರುತ್ತದೆ.